ಪಟ್ಟಿಯಲ್ಲಿಲ್ಲದ ಹೆಸರು: ಕೊರೋನಾ ಕಾಲದಿಂದ ಕಲಿಯತಕ್ಕ ಪಾಠ



ಹಾಸನಕ್ಕೆ ಸಮೀಪವಾದ ಕೊರವಂಗಲ ಗ್ರಾಮದಲ್ಲಿ 1173ರಲ್ಲಿ ಕಟ್ಟಲ್ಪಟ್ಟ ಬೂಚೇಶ್ವರ ದೇವಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದನ್ನು ಕಟ್ಟಿಸಿದವನು ಹೊಯ್ಸಳ ಅರಸರ ಅಧಿಕಾರಿಯಾದ ಬೂಚಿ ಎಂಬವನು. ಎಂಟು ನೂರು ವರುಷಗಳಿಗಿಂತ ಹೆಚ್ಚು ಕಾಲ ಕಳೆದರೂ ಅವನ ಹೆಸರು ಉಳಿದದೆ. ಬಡವನಿಗೆ ಅಂಥ ಹೆಸರು ಬೇಕಾಗಿಲ್ಲ. ಆದರೆ ಅವನ ಹೆಸರು ಇರಲೇಬೇಕಾದ ಸ್ಥಳಗಳು ಉಂಟು. ಒಂದು ಪಡಿತರ ಚೀಟಿ, ಮತ್ತೊಂದು ಪಂಚಾಯತಿಯ ಪುಸ್ತಕ. ಅಲ್ಲಿ ಹೆಸರಿಲ್ಲದವನಿಗೆ ರೋಗಕಾಲದಲ್ಲಿ ಏನಾಗುತ್ತದೆಂಬದನ್ನು 2020ನೆಯ ವರುಷವು ನಮಗೆ ತೋರಿಸಿತು. ಅದನ್ನೇ ಈ ಪಾಠದಲ್ಲಿ ವಿಚಾರಿಸೋಣ.

1. ಹಿಂದಿನ ಕಾಲದ ಬರ

1876ರಿಂದ 1878ರ ವರೆಗೆ ಮೈಸೂರು ಸೀಮೆಯಲ್ಲಿ ಘೋರವಾದ ಬರವು ಉಂಟಾಯಿತು. 1871ರ ಜನಗಣತಿಯಲ್ಲಿ ಈ ಸೀಮೆಯ ಜನರು 50 ಲಕ್ಷಕ್ಕಿಂತ ಹೆಚ್ಚಾಗಿದ್ದರು. 1881ರಲ್ಲಿ ಎಣಿಸಿದಾಗ 42 ಲಕ್ಷವೂ ಇರಲಿಲ್ಲ. ಗಂಜಿಮನೆಗಳು ತೆರೆಯಲ್ಪಟ್ಟವು, ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಯ ಕೆಲಸವು ಹಸಿದವರ ಕೂಲಿಗೋಸ್ಕರ ನಡೆಯಿತು. ಆದಾಗ್ಯೂ ಆ ದಿನಗಳಲ್ಲಿ ಬಡವನಿಗಾಗುವ ಸಹಾಯವು ಅಧಿಕಾರಿಗಳ ದಯೆಯೇ ಹೊರತು, ಅವನು ಕೇಳತಕ್ಕ ಹಕ್ಕಾಗಿರಲಿಲ್ಲ.

ನಮ್ಮ ಕಾಲದಲ್ಲಿ ಇದು ಬದಲಾಯಿತು. 2005ರ ಕಾಯಿದೆಯು ಹಳ್ಳಿಯ ಪ್ರತಿಯೊಂದು ಮನೆಗೆ ವರುಷಕ್ಕೆ 100 ದಿನಗಳ ಕೂಲಿಕೆಲಸವನ್ನು ಕೇಳುವ ಹಕ್ಕನ್ನು ಕೊಟ್ಟಿತು. 2013ರ ಆಹಾರ ಭದ್ರತಾ ಕಾಯಿದೆಯು ಧಾನ್ಯವನ್ನು ಹಕ್ಕನ್ನಾಗಿ ಮಾಡಿತು.

2. ಕೂಲಿ ನಿಂತ ದಿನಗಳು

2020ರ ಮಾರ್ಚಿ 25ರಿಂದ ದೇಶವೆಲ್ಲಾ ಮುಚ್ಚಲ್ಪಟ್ಟಿತು. ಹಳೆಯ ಬರಕ್ಕೂ ಇದಕ್ಕೂ ಇದ್ದ ಭೇದವನ್ನು ಗಮನಿಸಿರಿ. ಆಗ ಮಳೆ ತಪ್ಪಿ ಬೆಳೆ ಹೋಯಿತು. ಈಗಲಾದರೋ ಸರಕಾರದ ಉಗ್ರಾಣಗಳಲ್ಲಿ ಧಾನ್ಯವು ತುಂಬಿತ್ತು, ಆದರೆ ಕೂಲಿಯವನ ಕೈಯಲ್ಲಿ ಕಾಸು ಇರಲಿಲ್ಲ. ಗಾರೆ ಕೆಲಸದವನೂ ಹೋಟೆಲಿನ ಆಳೂ ಊರಿಗೆ ಹಿಂದಿರುಗಿದರು. ಮೇ ತಿಂಗಳಲ್ಲಿ ಮುಂಬಯಿಯಿಂದ ಚನ್ನರಾಯಪಟ್ಟಣಕ್ಕೆ ಬಂದವರಲ್ಲಿ ಹಾಸನ ಜಿಲ್ಲೆಯ ಮೊದಲನೆಯ ರೋಗಿಗಳು ಕಂಡುಬಂದರು. ದುಡಿಯಲು ಹೋಗಿದ್ದ ಅವರನ್ನು ದೂಷಿಸುವದು ನ್ಯಾಯವಲ್ಲ. 2021ರಲ್ಲಿ ರೋಗವು ಮರಳಿ ಬಲವಾದಾಗ, ಜೂನ್ 21ರ ವರೆಗೆ ನಿರ್ಬಂಧ ಮುಂದುವರಿದ 11 ಜಿಲ್ಲೆಗಳಲ್ಲಿ ಹಾಸನವೂ ಒಂದಾಗಿತ್ತು.

ಆ ಕಾಲದಲ್ಲಿ ಕೊಡಲ್ಪಟ್ಟ ಸಹಾಯಗಳಲ್ಲಿ ಮುಖ್ಯವಾದವು ಇವು. ಪಡಿತರ ಚೀಟಿಯಲ್ಲಿದ್ದ ಒಬ್ಬೊಬ್ಬರಿಗೆ, ಮಾಮೂಲಿನ ಧಾನ್ಯವಲ್ಲದೆ, ತಿಂಗಳಿಗೆ ಇನ್ನೂ 5 ಕಿಲೋ ಉಚಿತವಾಗಿ ದೊರೆಯಿತು. ಜನಧನ ಖಾತೆಯಿದ್ದ ಸ್ತ್ರೀಯರಿಗೆ ಮೂರು ತಿಂಗಳು 500 ರೂಪಾಯಿಯಂತೆ ಹಣ ಬಂದಿತು. ಕರ್ನಾಟಕ ಸರಕಾರವು ಕ್ಷೌರಿಕರಿಗೂ ಅಗಸರಿಗೂ ಆಟೋ ಮತ್ತು ಟ್ಯಾಕ್ಸಿ ಓಡಿಸುವವರಿಗೂ 5,000 ರೂಪಾಯಿಯನ್ನು ಗೊತ್ತುಮಾಡಿತು. ಹೆಸರು ನೋಂದಾಯಿಸಿದ್ದ ಕಟ್ಟಡ ಕೆಲಸಗಾರರಿಗೆ ಮೊದಲು 2,000, ಆಮೇಲೆ 3,000. ಉದ್ಯೋಗ ಖಾತರಿಯ ದಿನಗೂಲಿಯು ನಮ್ಮ ರಾಜ್ಯದಲ್ಲಿ 249 ರೂಪಾಯಿಯಿಂದ 275ಕ್ಕೆ ಏರಿತು. ಆ ವರುಷದಲ್ಲಿ ದೇಶದ 7 ಕೋಟಿ 50 ಲಕ್ಷ ಮನೆಗಳು ಈ ಕೆಲಸದಿಂದ ಕೂಲಿ ಪಡೆದವು.

3. ಒಂದು ಮನೆಯ ಲೆಕ್ಕ

ದೃಷ್ಟಾಂತಕ್ಕಾಗಿ ನಮ್ಮ ಕಡೆಯ ಒಂದು ಮನೆಯನ್ನು ಯೋಚಿಸೋಣ. ತಾಯಿ, ಮಗ, ಸೊಸೆ, ಇಬ್ಬರು ಚಿಕ್ಕ ಮಕ್ಕಳು. ಒಟ್ಟು ಐದು ಮಂದಿ. ಮಗನು ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿಕೊಂಡಿದ್ದು, ಲಾಕ್‌ಡೌನ್ ಆದಾಗ ಊರಿಗೆ ಬಂದನು. ಐವರಿಗೆ ತಿಂಗಳಿಗೆ 25 ಕಿಲೋ ಉಚಿತ ಧಾನ್ಯ ಸಿಕ್ಕಬೇಕಾಗಿತ್ತು. ಆದರೆ ಚೀಟಿಯು ಮದುವೆಗೆ ಮುಂಚೆ ಮಾಡಿಸಿದ್ದು. ಅದರಲ್ಲಿ ತಾಯಿ ಮಗ ಇಬ್ಬರೇ. ಸೊಸೆಯ ಹೆಸರು ತವರುಮನೆಯ ಚೀಟಿಯಲ್ಲಿ, ಮಕ್ಕಳ ಹೆಸರು ಎಲ್ಲಿಯೂ ಇಲ್ಲ. ಆದಕಾರಣ ಐವರು ಉಣ್ಣುವ ಮನೆಗೆ 10 ಕಿಲೋ ಬಂದಿತು. ಈ ಉಚಿತ ಧಾನ್ಯವು 2020ರ ಏಪ್ರಿಲಿನಿಂದ ನವೆಂಬರಿನ ವರೆಗೂ 2021ರ ಮೇ ತಿಂಗಳಿನಿಂದ 2022ರ ಡಿಸೆಂಬರಿನ ವರೆಗೂ, ಅಂದರೆ ಒಟ್ಟು 28 ತಿಂಗಳು ಕೊಡಲ್ಪಟ್ಟಿತು. ಇಬ್ಬರು ಮಕ್ಕಳ ಪಾಲೇ 280 ಕಿಲೋ ಆಗುತ್ತಿತ್ತು. ಒಂದು ದಿನ ಅಲೆದು ಎರಡು ಹೆಸರು ಬರೆಸದ್ದರಿಂದ ಅಷ್ಟು ಧಾನ್ಯ ತಪ್ಪಿಹೋಯಿತು.

ಮಗನು ಕಟ್ಟಡ ಕೆಲಸಗಾರನಾಗಿ ನೋಂದಾಯಿಸಿಕೊಂಡಿರಲಿಲ್ಲ, 5,000 ಸಿಕ್ಕಲಿಲ್ಲ. ತಾಯಿಗೆ ಬ್ಯಾಂಕಿನ ಖಾತೆ ಇತ್ತು, ಆದರೆ ಅದು ಜನಧನ ಖಾತೆಯಲ್ಲ, 1,500 ಬರಲಿಲ್ಲ. ಉದ್ಯೋಗ ಚೀಟಿ ಮಾತ್ರ ಇದ್ದದರಿಂದ ಕೆರೆಯ ಹೂಳು ಎತ್ತುವ ಕೆಲಸಕ್ಕೆ ಅರ್ಜಿ ಕೊಡುವ ದಾರಿ ಉಳಿಯಿತು. ಅವರು 100 ದಿನವೂ ಕೆಲಸ ಮಾಡಿದ್ದರೆ 27,500 ರೂಪಾಯಿ ದುಡಿಯಬಹುದಾಗಿತ್ತು. ಎಲ್ಲಾ ಸಹಾಯವು ತಪ್ಪಿದ ಮನೆಗೆ ಒಂದು ಚೀಟಿಯೇ ಆಧಾರವಾಯಿತು.

4. ತಪ್ಪು ಬಡವನದು ಮಾತ್ರವೋ?

ಹಾಗೆ ಹೇಳಬಾರದು. 2020ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ನೋಂದಾಯಿತರಾದ ಕಟ್ಟಡ ಕೆಲಸಗಾರರು 15 ಲಕ್ಷ 80 ಸಾವಿರ. ಅವರಲ್ಲಿ 11 ಲಕ್ಷ 80 ಸಾವಿರ ಮಂದಿಗೆ ಹಣ ಮುಟ್ಟಿತ್ತು. ಬ್ಯಾಂಕು ಖಾತೆಯ ವಿವರ ಸರಿಯಾಗಿಲ್ಲವೆಂದು 4 ಲಕ್ಷ ಮಂದಿ ಕಾಯಬೇಕಾಯಿತು. ಇವರ ಹೆಸರು ಪಟ್ಟಿಯಲ್ಲಿತ್ತು. ಆದರೂ ಹಸಿವಿನ ಹೊತ್ತಿಗೆ ಹಣ ಬರಲಿಲ್ಲ. ಇದಲ್ಲದೆ ಆಹಾರ ಭದ್ರತಾ ಕಾಯಿದೆಯು ಹಳ್ಳಿಯ 100 ಜನರಲ್ಲಿ 75ರ ವರೆಗೆ, ಪಟ್ಟಣದ 100 ಜನರಲ್ಲಿ 50ರ ವರೆಗೆ ಎಂದು ಮಿತಿ ಇಟ್ಟು, 2011ರ ಜನಗಣತಿಯ ಮೇಲೆ ಲೆಕ್ಕ ಹಾಕಿತು. ಜನರು ಹೆಚ್ಚಿದರು, ಪಟ್ಟಿ ಹೆಚ್ಚಲಿಲ್ಲ. 2021ರಲ್ಲಿ ಆಗತಕ್ಕ ಜನಗಣತಿಯೂ ಮುಂದಕ್ಕೆ ಹೋಯಿತು. ಆದಕಾರಣ ಅರ್ಜಿ ಕೊಟ್ಟು ಬರಿಗೈಯಲ್ಲಿ ಹಿಂದಿರುಗಿದವನನ್ನು ಸೋಮಾರಿಯೆಂದು ಎಣಿಸಬೇಡಿರಿ.

ಈ ಕೊರತೆಯು ನಮ್ಮ ದೇಶಕ್ಕೆ ಮಾತ್ರ ಸೇರಿದ್ದಲ್ಲ. ವಿಶ್ವಬ್ಯಾಂಕಿನ ಲೆಕ್ಕದಂತೆ 2020ರಲ್ಲಿ ಲೋಕದಲ್ಲಿ ಸುಮಾರು 7 ಕೋಟಿ ಜನರು ಕಡುಬಡತನಕ್ಕೆ ಬಿದ್ದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಹೇಳಿದ ಮೇರೆಗೆ, ಆ ವರುಷ 410 ಕೋಟಿ ಜನರಿಗೆ ವೃದ್ಧಾಪ್ಯವೇತನ, ರೋಗಭತ್ಯ ಮೊದಲಾದ ಯಾವ ಆಸರೆಯೂ ಇರಲಿಲ್ಲ. ಅವರಲ್ಲಿ ಬಹು ಮಂದಿ ಬಡ ದೇಶಗಳವರೇ.

5. ನಾವು ಮಾಡತಕ್ಕದ್ದೇನು?

ಮೊದಲನೆಯದಾಗಿ, ಮನೆಯಲ್ಲಿ ಮಗು ಹುಟ್ಟಿದರೆ, ಸೊಸೆ ಬಂದರೆ, ಯಾರಾದರೂ ತೀರಿಕೊಂಡರೆ, ತಡಮಾಡದೆ ಪುಸ್ತಕದಲ್ಲಿ ಬರೆಸಿರಿ. ರೋಗ ಬಂದ ಮೇಲೆ ಕಚೇರಿಯ ಬಾಗಿಲು ಮುಚ್ಚಿರುತ್ತದೆ.

ಎರಡನೆಯದಾಗಿ, ಊರು ಬಿಟ್ಟು ದುಡಿಯುವ ಮಕ್ಕಳಿಗೆ ಅವರ ಹಕ್ಕನ್ನು ತಿಳಿಸಿರಿ. ಒಂದು ಊರಿನ ಚೀಟಿಯಿಂದ ಮತ್ತೊಂದು ಊರಿನ ಅಂಗಡಿಯಲ್ಲಿ ಧಾನ್ಯ ಪಡೆಯುವ ಏರ್ಪಾಟು ಈಗ ಉಂಟು. ಇದನ್ನು 2021ರ ಜುಲೈ 31ರೊಳಗೆ ಎಲ್ಲಾ ರಾಜ್ಯಗಳಲ್ಲಿ ನಡಿಸಬೇಕೆಂದು ಸುಪ್ರೀಂ ಕೋರ್ಟು ಆಜ್ಞಾಪಿಸಿತ್ತು.

ಮೂರನೆಯದಾಗಿ, ಕೆಲಸಕ್ಕೆ ಅರ್ಜಿ ಕೊಟ್ಟಾಗ ತಾರೀಖು ಹಾಕಿದ ರಶೀದಿಯನ್ನು ಕೇಳಿ ಇಟ್ಟುಕೊಳ್ಳಿರಿ. 2005ರ ಕಾಯಿದೆಯ ಬದಲಿಗೆ 2025ರ ಡಿಸೆಂಬರಿನಲ್ಲಿ 125 ದಿನಗಳ ಕೆಲಸವನ್ನು ಹೇಳುವ ಹೊಸ ಕಾಯಿದೆ ಆಗಿರುವದರಿಂದ, ಅದರ ನಿಯಮಗಳನ್ನು ಪಂಚಾಯತಿಯಲ್ಲಿ ವಿಚಾರಿಸಿರಿ.

ನಾಲ್ಕನೆಯದಾಗಿ, ಕ್ರೈಸ್ತರಾದ ನಮಗೆ ಇದು ಸಿಕ್ಕದೆಂದು ಕೆಲವರು ಹಿಂಜರಿಯುವದುಂಟು. ಇದು ತಪ್ಪು. ಪಡಿತರ ಚೀಟಿಯೂ ಉದ್ಯೋಗ ಚೀಟಿಯೂ ಮತವನ್ನು ನೋಡಿ ಕೊಡಲ್ಪಡುವವುಗಳಲ್ಲ. ಅವು ಭಿಕ್ಷೆಯೂ ಅಲ್ಲ.

ಕಡೆಯದಾಗಿ, ಓದುಬರಹ ಬಲ್ಲವರು ತಮ್ಮ ಮನೆಯ ಕಾಗದಗಳನ್ನು ಸರಿಮಾಡಿಕೊಂಡು ಸುಮ್ಮನಿರಬಾರದು. ಒಂಟಿಯಾದ ಮುದುಕಿ, ವಿಧವೆ, ಅಂಗವಿಕಲನು, ಗುಡಿಸಲು ಹಾಕಿಕೊಂಡಿರುವ ಪರವೂರಿನ ಕೂಲಿಯವನು, ಇವರ ಹೆಸರು ಎಲ್ಲಿ ಉಂಟು, ಎಲ್ಲಿ ಇಲ್ಲ ಎಂದು ಹೋಗಿ ಕೇಳಿರಿ, ಅರ್ಜಿ ಬರೆದುಕೊಡಿರಿ, ಬೇಕಾದರೆ ಜೊತೆಯಲ್ಲಿ ಕಚೇರಿಗೆ ನಡೆಯಿರಿ. ಸರಕಾರದ ಪಟ್ಟಿಯಲ್ಲಿ ಬಿಟ್ಟುಹೋದವನು ನೆರೆಯವರ ನೆನಪಿನಿಂದಲೂ ಬಿಟ್ಟುಹೋದರೆ ಅವನಿಗೆ ಬೇರೆ ಗತಿ ಇಲ್ಲ.

ಕೂಡಿ ಮಾತಾಡತಕ್ಕ ಪ್ರಶ್ನೆಗಳು

1. 1877ರ ಹಸಿವಿಗೂ 2020ರ ಹಸಿವಿಗೂ ಇರುವ ಭೇದವೇನು?
2. ನಿಮ್ಮ ಚೀಟಿಯಲ್ಲಿ ಎಷ್ಟು ಹೆಸರುಗಳುಂಟು? ನಿಮ್ಮ ಮನೆಯಲ್ಲಿ ಎಷ್ಟು ಮಂದಿ ಉಣ್ಣುತ್ತೀರಿ?
3. ನಿಮ್ಮ ಬೀದಿಯಲ್ಲಿ ಯಾವ ಪಟ್ಟಿಯಲ್ಲಿಯೂ ಇಲ್ಲದವರು ಯಾರು? ಮುಂದಿನ ತಿಂಗಳೊಳಗೆ ಅವರಿಗೋಸ್ಕರ ಏನು ಮಾಡುವಿರಿ?