ಗುರುಗಳು ಒಪ್ಪದ ಸಲ್ಲೇಖನ

ತುಮಕೂರಿನ ಶೆಟ್ಟಿಹಳ್ಳಿಯ ಕಡೆಯಿಂದ ಮಂದಾರಗಿರಿಗೆ ಹೋಗಿ ಚಂದ್ರನಾಥಸ್ವಾಮಿಗೆ ಕೈಮುಗಿಯುವ ಶ್ರಾವಕ ಶ್ರಾವಿಕೆಯರಿಗೆ ಸಮಂತಭದ್ರಾಚಾರ್ಯರ ವೃತ್ತಾಂತವು ಅಪರಿಚಿತವಲ್ಲ. ಆದರೆ ಚಂದ್ರಪ್ರಭರ ಬಿಂಬವು ಪ್ರಕಟವಾದ ಅತಿಶಯವನ್ನು ನೆನೆಯುವವರೇ ಬಹಳ. ಅದಕ್ಕೆ ಮುಂಚಿನ ಸಂಗತಿಯನ್ನು ವಿಚಾರಿಸುವವರು ವಿರಳ. ರೋಗದ ದೆಸೆಯಿಂದ ಉಪವಾಸವು ತಪ್ಪಿಹೋಯಿತೆಂದು ಕೊರಗುವವರಾದರೂ ಅದನ್ನು ತಿಳಿಯಬೇಕು.

ಆಚಾರ್ಯರಿಗೆ ಭಸ್ಮಕವ್ಯಾಧಿಯು ತಗುಲಿತು. ಉಂಡದ್ದೆಲ್ಲ ಒಡನೆಯೇ ಉರಿದುಹೋಗುವ ಆ ರೋಗಕ್ಕೆ ದಿನಕ್ಕೊಮ್ಮೆ ಕರಪಾತ್ರೆಯಲ್ಲಿ ಉಣ್ಣುವ ಮುನಿಯ ಆಹಾರವು ಯಾವ ಮೂಲೆಗೆ? ವ್ರತಭಂಗಕ್ಕಿಂತ ದೇಹತ್ಯಾಗವೇ ಲೇಸೆಂದು ಗುರುಗಳಲ್ಲಿ ಸಲ್ಲೇಖನವನ್ನು ಬೇಡಿದರು. ಗುರುಗಳು ಒಪ್ಪಲಿಲ್ಲ. ಧರ್ಮಕಾರ್ಯವು ಇನ್ನೂ ಉಳಿದಿದೆ. ಮುನಿವೇಷವನ್ನು ಇಳಿಸಿ, ರೋಗವನ್ನು ಶಮನಗೊಳಿಸಿಕೊಂಡು, ಮರಳಿ ದೀಕ್ಷೆ ಪಡೆಯಬೇಕೆಂದು ಆಜ್ಞಾಪಿಸಿದರೆಂದು ದೇವಚಂದ್ರನ ‘ರಾಜಾವಳಿ ಕಥೆ’ಯ ಪರಂಪರೆ. ಶಿಷ್ಯರಿಗೆ ಇದು ಉಪವಾಸಕ್ಕಿಂತ ಕಠಿನವಾಗಿದ್ದಿರಬೇಕು! ಅವರು ಶಿವಾಲಯದ ನೈವೇದ್ಯವನ್ನು ಉಂಡರು. ಆ ಊರು ಕಂಚಿಯೆಂದು ಕೆಲವರು, ಕಾಶಿಯೆಂದು ಕೆಲವರು; ಅದು ಹಾಗಿರಲಿ. ವ್ಯಾಧಿಯು ಇಳಿಯಿತು. ಆಚಾರ್ಯರು ಪುನಃ ದೀಕ್ಷಿತರಾದರು.

ಗೃಹಸ್ಥರಿಗಾಗಿ ರಚಿತವಾದ 150 ಶ್ಲೋಕಗಳ ‘ರತ್ನಕರಂಡಕ ಶ್ರಾವಕಾಚಾರ’ವು ಇವರದೇ ಎಂಬುದು ಪರಂಪರೆ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವುಗಳನ್ನು ಸಲ್ಲೇಖನಕ್ಕೆ ನಿಮಿತ್ತವೆಂದು ಹೇಳುವಾಗ, ಅವು ‘ನಿಷ್ಪ್ರತೀಕಾರ’ವಾಗಿರಬೇಕು, ಅಂದರೆ ಪರಿಹಾರವೇ ಇಲ್ಲದವಾಗಿರಬೇಕು, ಎಂಬ ಕಟ್ಟನ್ನು ಅಲ್ಲಿ ಹಾಕಲಾಗಿದೆ. ಪರಿಹಾರವುಳ್ಳ ರೋಗದಲ್ಲಿ ಬಿದ್ದು ಎದ್ದವರ ಮಾತೆಂದು ತಿಳಿದು ಅದನ್ನು ಓದಬೇಕು.

ಶ್ರವಣಬೆಳ್ಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿಯು ಉಂಟು. ಮಲ್ಲಿಷೇಣ ಮುನಿಗಳು ಸಲ್ಲೇಖನದಿಂದ ದೇಹವಿಟ್ಟುದನ್ನು ಹೇಳುವ ಆ ಶಾಸನವೇ, ಭಸ್ಮಕವನ್ನು ಗೆದ್ದು ಬದುಕಿದ ಸಮಂತಭದ್ರರನ್ನೂ ಸ್ತುತಿಸುತ್ತದೆ.