ಕವರ್ ಹಾಡು: ಯಾವುದು ಚಲೋ, ಯಾವುದು ಕೆಟ್ಟದ್ದು, ಹೆಂಗ ತೂಗೋದು?

ಹಾಸ್ಟೆಲ್‌ನ್ಯಾಗ ರಾತ್ರಿ ಹನ್ನೊಂದರ ಮ್ಯಾಲ ಶುರುವಾಗುವ ಜಗಳಗಳಲ್ಲಿ ಕವರ್ ಹಾಡಿನ ಜಗಳ ಖಾಯಂ. ಒಬ್ಬ ಅಂತಾನ, "ಅಶ್ವಥ್ ಹಾಡಿದ್ದೇ ಹಾಡು, ಉಳಿದದ್ದೆಲ್ಲ ಸಪ್ಪಳ." ಇನ್ನೊಬ್ಬ ಅಂತಾನ, "ರಘು ದೀಕ್ಷಿತ್ ಹಾಡದೇ ಹೋಗಿದ್ರ ನೀ ಶರೀಫರ ಹೆಸರೇ ಕೇಳ್ತಿರಲಿಲ್ಲ." ಬೆಳಗಾದರೂ ತೀರ್ಮಾನ ಆಗೋದಿಲ್ಲ. ಯಾಕಂದ್ರ ಇಬ್ಬರ ಕೈಯಾಗೂ ಬೇರೆ ಬೇರೆ ತಕ್ಕಡಿ. ಆದ್ದರಿಂದ ಈ ಸಲ ಕನ್ನಡ ಬಳಗದ ವತಿಯಿಂದ ನಾವು ಎಲ್ಲರಿಗೂ ಒಪ್ಪುವ ಒಂದು ತಕ್ಕಡಿ ಹುಡುಕಲು ಹೊರಟಿದ್ದೇವೆ. ನಮ್ಮ ವಾದ ಇಷ್ಟೇ: ಹಾಡಿನ ಮಾತು ಮತ್ತೊಮ್ಮೆ ಕಿವಿಗೆ ಬೀಳುವಂತೆ ಮಾಡಿದ್ದು ಚಲೋ ಕವರ್. ಮಾತನ್ನು ಮುಚ್ಚಿಹಾಕಿದ್ದು ಕೆಟ್ಟ ಕವರ್. ಏಕತಾರಿಯೋ ಗಿಟಾರೋ ಅನ್ನೋದು ಆಮೇಲಿನ ಮಾತು.

ಮೊದಲು ಹೆಸರು ಸರಿಮಾಡಿಕೊಳ್ಳೋಣ

ನಾವು ಎಲ್ಲದಕ್ಕೂ "ಕವರ್" ಅಂದುಬಿಡುತ್ತೇವೆ. ಆದರೆ ಇಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳಿವೆ.

ಒಂದು, ಅದೇ ಸಾಹಿತ್ಯ, ಅದೇ ಧಾಟಿ, ಬೇರೆ ಗಾಯಕ. ಇದು ನಿಜವಾದ ಕವರ್.

ಎರಡು, ಅದೇ ಸಾಹಿತ್ಯ, ಹೊಸ ಧಾಟಿ. ಇದು ಹೊಸ ಸ್ವರ ಸಂಯೋಜನೆ.

ಮೂರು, ಅದೇ ಧಾಟಿ, ಹೊಸ ಸಾಹಿತ್ಯ. ಇದು ನಮ್ಮ ಭಾಗಕ್ಕೆ ಹೊಸದೇನಲ್ಲ. ಭಜನಿ ಪುಸ್ತಕ ತೆರೆದರೆ ಪದದ ತಲೆಯ ಮೇಲೆ "ಧಾಟಿ" ಅಂತ ಬರೆದು ಯಾವುದೋ ಸಿನಿಮಾ ಹಾಡಿನ ಹೆಸರು ಹಾಕಿರುತ್ತಾರೆ. ಕಂಪನಿ ನಾಟಕದವರೂ ಮರಾಠಿ ರಂಗಗೀತೆಗಳ ಮಟ್ಟುಗಳಿಗೆ ಕನ್ನಡ ಮಾತು ಕೂಡಿಸಿ ಹಾಡಿದರು.

ನಾಲ್ಕು, ಹಳೆಯ ಧ್ವನಿಮುದ್ರಣವನ್ನೇ ಕತ್ತರಿಸಿ, ಎಳೆದು, ಬೀಟ್ ಸೇರಿಸುವುದು. ಇದು ರೀಮಿಕ್ಸ್. ಈಗ ರೀಲ್ಸ್ ತುಂಬ ಓಡಾಡುವ "ಸ್ಲೋಡ್ ರಿವರ್ಬ್" ಇದೇ ಜಾತಿಗೆ ಸೇರಿದ್ದು. ಅದರಲ್ಲಿ ಯಾರೂ ಹೊಸದಾಗಿ ಹಾಡಿರುವುದಿಲ್ಲ. ಲೆಕ್ಕ ಬೇಕಾದವರಿಗೆ: ಒಂದು ಸ್ವರಸ್ಥಾನದಿಂದ ಮುಂದಿನ ಸ್ವರಸ್ಥಾನಕ್ಕೆ ಆವರ್ತನದ ಅನುಪಾತ 2ರ ಹನ್ನೆರಡನೇ ಮೂಲ, ಅಂದರೆ ಸುಮಾರು 1.0595. ಹಾಡನ್ನು 0.8 ವೇಗಕ್ಕೆ ಇಳಿಸಿದರೆ ಶ್ರುತಿ ಸುಮಾರು 3.9 ಸ್ವರಸ್ಥಾನ ಕೆಳಗೆ ಬರುತ್ತದೆ. ಗಾಯಕಿಯ ದನಿ ಗಂಡಸಿನ ದನಿಯಂತೆ ಕೇಳೋದು ಇದಕ್ಕೇ. ಅದು ಭಾವ ಅಲ್ಲ, ಬರೀ ಗುಣಾಕಾರ.

ಶರೀಫರ ಪದ: ಅಶ್ವಥ್ ಮತ್ತು ರಘು ದೀಕ್ಷಿತ್

ಶಿಶುನಾಳ ಶರೀಫರು 1819ರಿಂದ 1889ರವರೆಗೆ ಬದುಕಿದವರು. ಅವರ ಪದಗಳು ಧ್ವನಿಮುದ್ರಣ ಬರುವ ಮುಂಚೆ ಭಜನಿ ಮೇಳಗಳ ಬಾಯಲ್ಲೇ ಊರೂರು ತಿರುಗಿದವು. ಕ್ಯಾಸೆಟ್ ಕಾಲದಲ್ಲಿ ಸಿ. ಅಶ್ವಥ್ ಅವುಗಳಿಗೆ ಸಂಗೀತ ಕೊಟ್ಟರು. ಅಶ್ವಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ಕಂಠದಲ್ಲಿ ಅವು ನಾಡಿಗೆಲ್ಲ ಮುಟ್ಟಿದವು. 1990ರಲ್ಲಿ ಟಿ.ಎಸ್. ನಾಗಾಭರಣ ಅವರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು, ಅದಕ್ಕೂ ಅಶ್ವಥ್ ಅವರದೇ ಸಂಗೀತ. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್‌ನಲ್ಲಿ 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನೆಯ ಮಾಳಿಗಿ' ಈ ಎರಡು ಪದಗಳನ್ನು ಗಿಟಾರ್, ವಯೊಲಿನ್, ಡ್ರಮ್ಸ್ ಇಟ್ಟುಕೊಂಡು ಹಾಡಿದರು.

ಈಗ ತೂಗೋಣ. ಅಶ್ವಥ್ ಅವರ ಕಡೆಯ ವಾದ: ಅವರು ಮಾತನ್ನು ಒತ್ತಿ, ಬಿಡಿಸಿ, ಕೆಲವು ಕಡೆ ಹೆಚ್ಚುಕಡಿಮೆ ಮಾತಾಡಿದಂತೆ ಹಾಡುತ್ತಾರೆ. ಒಂದು ಪದ ಕೂಡ ಕಳೆದುಹೋಗುವುದಿಲ್ಲ. ರಘು ಅವರ ಕಡೆಯ ವಾದ: ಕನ್ನಡವೇ ಬಾರದವರು ಕೂಡ ಆ ಲಯಕ್ಕೆ ನಿಂತು ಕೇಳುತ್ತಾರೆ. ಕೇಳಿದ ಮೇಲೆ ಅರ್ಥ ಏನು ಅಂತ ಕೇಳುವವರು ಇದ್ದೇ ಇರುತ್ತಾರೆ.

ವಿರೋಧದ ವಾದವೂ ಐತಿ. ಗುಡುಗುಡಿ ಅಂದರೆ ಶರೀಫರಿಗೆ ಹೊಗೆ ಸೇದುವ ಮಜಾ ಅಲ್ಲ, ಒಳಗಿನ ಕೆಟ್ಟದ್ದನ್ನು ಸುಟ್ಟು ಹಾಕುವ ಮಾತು. ಸೋರುವ ಮನೆ ಅಂದರೆ ಅಜ್ಞಾನದಿಂದ ಸೋರುವ ಈ ಬದುಕು. ಫೆಸ್ಟ್‌ನ ವೇದಿಕೆ ಮುಂದೆ ಕೈ ಮೇಲೆತ್ತಿ ಕುಣಿಯುವವರಿಗೆ ಇದು ಮುಟ್ಟುತ್ತದೆಯೇ? ನಮ್ಮ ಉತ್ತರ: ಮುಟ್ಟದಿದ್ದರೆ ಅದು ಗಿಟಾರಿನ ತಪ್ಪಲ್ಲ. ಏಕತಾರಿ ಹಿಡಿದು ಹಾಡಿದರೂ ನಿದ್ದಿ ಮಾಡುವವರು ಇರ್ತಾರ. ನಮ್ಮ ತಕ್ಕಡಿಯಲ್ಲಿ ಇಬ್ಬರೂ ಗೆಲ್ಲುತ್ತಾರೆ, ಯಾಕಂದ್ರ ಇಬ್ಬರೂ ಪದವನ್ನು ಹೊಸ ಕಿವಿಗಳಿಗೆ ದಾಟಿಸಿದ್ದಾರೆ.

ಸರ್ಕಾರವೇ ತೀರ್ಪು ಕೊಟ್ಟ ಜಗಳ

ಇದು ಹಾಸ್ಟೆಲ್ ಮಟ್ಟದ ಜಗಳ ಅಷ್ಟೇ ಅಂತ ತಿಳಿಯಬ್ಯಾಡ್ರಿ. ಕುವೆಂಪು ಅವರ 'ಜಯ ಭಾರತ ಜನನಿಯ ತನುಜಾತೆ' 2004ರಲ್ಲಿ ನಾಡಗೀತೆಯಾಯಿತು. ಯಾವ ಧಾಟಿಯಲ್ಲಿ ಹಾಡಬೇಕು ಅನ್ನುವ ಜಗಳ ಮಾತ್ರ ವರ್ಷಗಟ್ಟಲೆ ನಡೆಯಿತು. ಒಂದು ಕಡೆ ಮೈಸೂರು ಅನಂತಸ್ವಾಮಿ ಅವರ ಧಾಟಿ, ಇನ್ನೊಂದು ಕಡೆ ಸಿ. ಅಶ್ವಥ್ ಅವರ ಧಾಟಿ. ಕೊನೆಗೆ 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಆರಿಸಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕು ಅಂತ ಆದೇಶ ಮಾಡಿತು. ಅದರ ವಿರುದ್ಧ ಗಾಯಕ ಕಿಕ್ಕೇರಿ ಕೃಷ್ಣಮೂರ್ತಿ ಹೈಕೋರ್ಟಿಗೆ ಹೋದರು. 2024ರಲ್ಲಿ ಆ ಅರ್ಜಿ ವಜಾ ಆಯಿತು.

ಇದರಲ್ಲಿ ಕಲಿಯುವುದೇನು? ಹಾಡು ಎಲ್ಲಿ, ಯಾರಿಗಾಗಿ ಅನ್ನುವುದರ ಮೇಲೆ ತೂಕ ಬದಲಾಗುತ್ತದೆ. ಕಚೇರಿಯಲ್ಲಿ ಕೂತು ಕೇಳುವಾಗ ಆಲಾಪ, ಪುನರಾವರ್ತನೆ ಎಲ್ಲವೂ ಸಿಂಗಾರ. ನೂರಾರು ಮಂದಿ ಎದ್ದು ನಿಂತು ಕೂಡಿ ಹಾಡುವಾಗ ಯಾರೂ ತಪ್ಪದೆ ಹಾಡಬಹುದಾದ ಧಾಟಿಯೇ ಧಾಟಿ.

ಕೆಟ್ಟ ಕವರ್ ಗುರುತಿಸುವುದು

ಹೆಸರು ಹೇಳಿ ಯಾರನ್ನೂ ಬಯ್ಯುವುದಿಲ್ಲ. ರೋಗದ ಲಕ್ಷಣ ಹೇಳುತ್ತೇವೆ, ಉದಾಹರಣೆ ನಿಮ್ಮ ಪ್ಲೇಲಿಸ್ಟ್‌ನಲ್ಲೇ ಸಿಗುತ್ತವೆ.

ಮೊದಲನೆಯದು, ಹ್ರಸ್ವ ದೀರ್ಘದ ಕೊಲೆ. ಕನ್ನಡದಲ್ಲಿ ಸ್ವರ ಎಳೆದರೆ ಅರ್ಥವೇ ಬದಲಾಗುತ್ತದೆ. 'ಬಲ'ವನ್ನು ಭಾವ ತುಂಬಿ ಎಳೆದರೆ 'ಬಾಲ' ಆಗುತ್ತದೆ! ಬೇರೆ ಭಾಷೆಯ ಹಾಡಿನ ಶೈಲಿಯನ್ನು ಹಾಗೇ ತಂದು ಹಚ್ಚುವವರು ಇಲ್ಲೇ ಎಡವುತ್ತಾರೆ.

ಎರಡನೆಯದು, ಭಾಷೆ ತೊಳೆಯುವುದು. ನಮ್ಮ ಕಡೆಯ ಪದದಲ್ಲಿ 'ಐತಿ' ಇದ್ದರೆ 'ಇದೆ' ಅಂತ ತಿದ್ದುವುದು, 'ಮಾಳಿಗಿ'ಯನ್ನು 'ಮಾಳಿಗೆ' ಮಾಡುವುದು. ಹಾಡಿದವರಿಗೆ ಅದು ಸಣ್ಣ ತಿದ್ದುಪಡಿ. ಕೇಳುವ ನಮಗೆ ನಮ್ಮ ಅವ್ವನ ಮಾತಿಗೆ ಕೆಂಪು ಶಾಯಿ ಹಚ್ಚಿದಂತೆ.

ಮೂರನೆಯದು, ಪ್ರಾಸ ನುಂಗುವುದು. ನಮ್ಮ ಹಳೆಯ ಪದಗಳಲ್ಲಿ ಪ್ರಾಸ ಬಹಳ ಕಡೆ ಸಾಲಿನ ಎರಡನೇ ಅಕ್ಷರದಲ್ಲಿ ಕೂತಿರುತ್ತದೆ. ಡ್ರಮ್ಮಿನ ಪೆಟ್ಟು ಪ್ರತಿ ಸಾಲಿನ ಮೊದಲ ಅಕ್ಷರದ ಮೇಲೆ ಜೋರಾಗಿ ಬಿದ್ದರೆ ಎರಡನೆಯದು ಕೇಳುವುದೇ ಇಲ್ಲ.

ನಾಲ್ಕನೆಯದು, ಹೆಸರು ಬಿಡುವುದು. ಬರೆದವರು, ಧಾಟಿ ಹಾಕಿದವರು, ಕಲಿಸಿದವರು ಯಾರೂ ಇಲ್ಲ, ಕೆಳಗೆ ಬರೀ "ಜಾನಪದ" ಅಂತ ಒಂದು ಶಬ್ದ. ಇದು ಎಲ್ಲಕ್ಕಿಂತ ಕೆಟ್ಟದ್ದು.

ಕಾನೂನು ಏನು ಹೇಳುತ್ತದೆ?

ಫೆಸ್ಟ್‌ಗೆ ಹಾಡು ತಯಾರಿ ಮಾಡುವವರು ಇದನ್ನು ಓದಲೇಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಕವಿ ಮತ್ತು ಸಂಯೋಜಕರ ಹಕ್ಕು ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಶರೀಫರ ಸಾಹಿತ್ಯ ಈಗ ಎಲ್ಲರದು. ಆದರೆ ಅಶ್ವಥ್ ತೀರಿಕೊಂಡದ್ದು 2009ರಲ್ಲಿ, ಹಾಗಾಗಿ ಅವರು ಹಾಕಿದ ಧಾಟಿಯ ಮೇಲೆ 2069ರ ಕೊನೆಯವರೆಗೂ ಹಕ್ಕು ಇದೆ. ಪದ ಪುಕ್ಕಟೆ, ಧಾಟಿ ಅಲ್ಲ!

2012ರ ತಿದ್ದುಪಡಿಯಲ್ಲಿ ಬಂದ 31ಸಿ ಕಲಂ ಕವರ್ ಹಾಡಿಗೇ ಮೀಸಲು. ಮೊದಲ ಧ್ವನಿಮುದ್ರಣ ಆದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಕಳೆಯುವ ಮುಂಚೆ ಈ ಕಲಂ ಅಡಿ ಕವರ್ ಮಾಡುವಂತಿಲ್ಲ. ಮಾಡಿದರೂ ಅದು ಕವರ್ ಅಂತ ಸ್ಪಷ್ಟವಾಗಿ ಬರೆಯಬೇಕು, ಗೌರವಧನ ಮುಂಗಡ ಕಟ್ಟಬೇಕು. ಕಾಲೇಜಿನ ಚಟುವಟಿಕೆಯಾಗಿ ವಿದ್ಯಾರ್ಥಿಗಳು ವೇದಿಕೆ ಮೇಲೆ ಹಾಡುವುದಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಅದನ್ನೇ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವುದು ಬೇರೆ ಮಾತು.

ನಮ್ಮ ಊರಿನಲ್ಲಿ ಮೂಲ ಎಲ್ಲಿದೆ?

ಕವರ್ ತೂಗಬೇಕಾದರೆ ಪಕ್ಕಕ್ಕಿಡಲು ಮೂಲ ಬೇಕು. ವಿಜಯಪುರದವರಿಗೆ ಇದೇ ದೊಡ್ಡ ಕಷ್ಟ. ತಿಕೋಟಾ ಕಡೆ ಹೋಗುವಾಗ ಸಿಗುವ ತೊರವಿಯ ಬಳಿ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ನವರಸಪುರದ ಸಂಗೀತ ಮಹಲಿನ ಅವಶೇಷ ನಿಂತಿದೆ. ಆತ ದಖನಿ ಭಾಷೆಯಲ್ಲಿ ಬರೆದ 'ಕಿತಾಬ್-ಎ-ನವರಸ್'ನಲ್ಲಿ ಹಾಡುಗಳಿಗೆ ರಾಗದ ಹೆಸರಿದೆ, ಆದರೆ ಸ್ವರಲಿಪಿ ಇಲ್ಲ. ಫ.ಗು. ಹಳಕಟ್ಟಿಯವರು ತಾಳೆಗರಿ ಹುಡುಕಿ 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ಅವರಿಂದ ವಚನದ ಮಾತು ಉಳಿಯಿತು, ಆದರೆ ತಾಳೆಗರಿಯಲ್ಲಿ ಧಾಟಿ ಇರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರು ಹಿಂದುಸ್ತಾನಿ ರಾಗಗಳಲ್ಲಿ ಹಾಡಿದ ವಚನಗಳನ್ನು ನಾವು ಮೂಲ ಅಂದುಕೊಳ್ಳುತ್ತೇವೆ. 12ನೇ ಶತಮಾನದಲ್ಲಿ ಅವನ್ನು ಹೆಂಗ ಅನ್ನುತ್ತಿದ್ದರೋ, ಆ ದನಿ ಯಾರಿಗೂ ಸಿಗುವುದಿಲ್ಲ. ನಮ್ಮದೇ ಜಿಲ್ಲೆಯ ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ತ್ರಿಪದಿಗಳು ಪುಸ್ತಕದಲ್ಲಿ ಕೂತವು. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆಗೆ ಸೇರಿತು, ಕಲ್ಲಿನ ಸುತ್ತಿಗೆ ಕೂಡಿ ನಡೆಯುತ್ತಿದ್ದ ಲಯವೂ ಅದರ ಜೊತೆಗೆ ಹೋಯಿತು.

ಅಂದರೆ ನಮ್ಮ ಹಿರಿಯರು ಮಾತನ್ನು ಉಳಿಸಿಕೊಟ್ಟರು, ದನಿ ಉಳಿಸಲು ಅವರ ಬಳಿ ಸಾಧನ ಇರಲಿಲ್ಲ. ನಮ್ಮ ಬಳಿ ಐತಿ, ಎಲ್ಲರ ಕಿಸೆಯಾಗೂ ಐತಿ.

ತಿಕೋಟಾ, ಬಬಲೇಶ್ವರ ಕಡೆಯಿಂದ ದಿನಾ ಬಸ್ಸಿಗೆ ಬರುವ ಗೆಳೆಯರೇ, ನಿಮ್ಮ ಊರಲ್ಲಿ ಇನ್ನೂ ಅಮಾವಾಸ್ಯೆ ಭಜನಿಗೆ ಕೂಡುವ ಹಿರಿಯರಿದ್ದಾರೆ, ಮೊಹರಂಗೆ ರಿವಾಯತ್ ಪದ ಹಾಡುವವರಿದ್ದಾರೆ, ಸೋಬಾನ ಪದ ಬಲ್ಲ ಅಮ್ಮಂದಿರಿದ್ದಾರೆ. ಜಾತ್ರಿ ಡಿಜೆಗೆ ಅದೇ ಪದದ ಕವರ್ ಮಾಡ್ರಿ, ಬ್ಯಾಡ ಅನ್ನೋದಿಲ್ಲ. ಆದರೆ ಅದಕ್ಕೂ ಮೊದಲು ಮೂರು ಕೆಲಸ: ಅವರ ಒಪ್ಪಿಗೆ ಕೇಳಿ ಪೂರ್ತಿ ಪದ ರೆಕಾರ್ಡ್ ಮಾಡ್ರಿ, ಒಂದು ನುಡಿಯನ್ನೂ ಕತ್ತರಿಸಬ್ಯಾಡ್ರಿ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು ಅನ್ನೋದನ್ನ ಅವರು ಒಪ್ಪಿದಷ್ಟು ಬರೆದುಕೊಳ್ರಿ. ತಿಳಿಯದ ಶಬ್ದದ ಅರ್ಥ ಅಲ್ಲೇ ಕೇಳ್ರಿ, ಆಮೇಲೆ ಗೂಗಲ್‌ಗೆ ಕೇಳಿದರೆ ಸಿಗೋದಿಲ್ಲ.

ನಿಮ್ಮ ಕವರ್ ಚಲೋ ಆಯಿತೋ ಇಲ್ಲೋ ಅಂತ ಹಾಸ್ಟೆಲ್‌ನ್ಯಾಗ ಆಮೇಲೆ ಎಷ್ಟು ಬೇಕಾದರೂ ಜಗಳಾಡೋಣ. ಪಕ್ಕಕ್ಕಿಟ್ಟು ತೂಗಲು ಮೂಲದ ದನಿ ಇದ್ದರೆ ಆ ಜಗಳಕ್ಕೆ ಒಂದು ಅರ್ಥ ಬರುತ್ತದೆ.