ನಕ್ಷೆಗೆ ಒಂದು ಕೆಲಸ, ಮಾತಿಗೆ ಇನ್ನೊಂದು

ಬರಹ, ಚಿತ್ರ, ನಕ್ಷೆ, ಕೋಷ್ಟಕ, ದನಿ ಇವನ್ನೆಲ್ಲ ಬೆರೆಸಿ ವಿಷಯ ಹೇಳಿ ಎಂದು ಈಗ ಶಾಲೆಯ ಪ್ರಾಜೆಕ್ಟಿನಲ್ಲೂ ಕೇಳುತ್ತಾರೆ, ಕಚೇರಿಯ ಸ್ಲೈಡುಗಳಲ್ಲೂ ಕೇಳುತ್ತಾರೆ. ಹೊಸಬರು ಸಾಮಾನ್ಯವಾಗಿ ಬರೆಯುವುದನ್ನೆಲ್ಲ ಬರೆದು ಮುಗಿಸಿ, ಉಳಿದ ಜಾಗಕ್ಕೆ ಒಂದು ಚಿತ್ರ ಅಂಟಿಸುತ್ತಾರೆ. ಆ ಚಿತ್ರವನ್ನು ಕೈಯಿಂದ ಮುಚ್ಚಿ ನೋಡಿ. ಓದುಗರಿಗೆ ಏನೂ ಕಡಿಮೆಯಾಗದಿದ್ದರೆ ಅದು ಬರೀ ಅಲಂಕಾರ. ಪ್ರತಿಯೊಂದಕ್ಕೂ ಅದರದೇ ಕೆಲಸ ಇರಬೇಕು. ಅದು ಹೇಗೆಂದು ತೋರಿಸಲು 1855ರಲ್ಲಿ ಬಂದ ಒಂದು ಪುಸ್ತಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಲಂಡನ್ನಿನ ವೈದ್ಯ ಜಾನ್ ಸ್ನೋ ಕಾಲರಾ ಹರಡುವ ಬಗೆಯ ಕುರಿತು ಬರೆದ ಪುಸ್ತಕದ ಎರಡನೆಯ ಆವೃತ್ತಿ ಅದು. ಕಾಲರಾ ಕೆಟ್ಟ ಗಾಳಿಯಿಂದ ಬರುತ್ತದೆಂದು ಆಗಿನ ಬಹುತೇಕ ವೈದ್ಯರು ನಂಬಿದ್ದರು. ನೀರಿನಿಂದ ಬರುತ್ತದೆಂಬುದು ಸ್ನೋ ವಾದ. 1854ರ ಆಗಸ್ಟ್ ಕೊನೆಗೆ ಸೋಹೊ ಪ್ರದೇಶದ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ರೋಗ ಹಬ್ಬಿ, ಹತ್ತೇ ದಿನಗಳಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ಸ್ನೋ ಆ ಬೀದಿಗಳ ನಕ್ಷೆಯಲ್ಲಿ, ಸತ್ತ ಪ್ರತಿಯೊಬ್ಬರಿಗೂ ಅವರ ಮನೆಯಿದ್ದ ಕಡೆ ಒಂದು ಕಪ್ಪು ಗೆರೆ ಹಾಕಿದ. ಒಂದೇ ಮನೆಯಲ್ಲಿ ನಾಲ್ವರು ಸತ್ತಿದ್ದರೆ ನಾಲ್ಕು ಗೆರೆ. ನೀರಿನ ಪಂಪುಗಳನ್ನೂ ಗುರುತಿಸಿದ. ಒಂದು ಪಂಪಿನ ಸುತ್ತ ಗೆರೆಗಳು ಒತ್ತಾಗಿ ಕೂತಿರುವುದು ನೋಡಿದ ಕೂಡಲೇ ತಿಳಿಯುತ್ತದೆ. ಇದನ್ನೇ ಬೀದಿ, ಮನೆ, ಸಾವು ಎಂದು ವಾಕ್ಯಗಳಲ್ಲಿ ಬರೆದಿದ್ದರೆ ಹತ್ತು ಪುಟ ಓದಿದರೂ ಆ ಆಕಾರ ಮನಸ್ಸಿನಲ್ಲಿ ಮೂಡುತ್ತಿರಲಿಲ್ಲ.

ಆದರೆ ನಕ್ಷೆಗೆ ಬಾಯಿಲ್ಲ. ಪಂಪಿನ ಹತ್ತಿರವೇ ಇದ್ದ ನಿರ್ಗತಿಕರ ಆಶ್ರಯಗೃಹದಲ್ಲಿ 535 ಜನರಿದ್ದರು, ಸತ್ತವರು ಐವರು ಮಾತ್ರ. ಬ್ರಾಡ್ ಸ್ಟ್ರೀಟಿನಲ್ಲೇ ಇದ್ದ ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಕಾಲರಾದಿಂದ ಸಾಯಲಿಲ್ಲ. ಏಕೆ? ಇದಕ್ಕೆ ಉತ್ತರ ಬರಹದಲ್ಲಿದೆ: ಆಶ್ರಯಗೃಹಕ್ಕೆ ಸ್ವಂತ ಬಾವಿಯಿತ್ತು, ಕಾರ್ಖಾನೆಯವರಿಗೂ ಬಾವಿಯಿತ್ತು, ಜೊತೆಗೆ ಕುಡಿಯಲು ಬಿಯರ್ ಕೊಡುತ್ತಿದ್ದರು. ಇನ್ನು, ಒಬ್ಬ ವಿಧವೆ ಮೈಲಿಗಳಾಚೆ, ನಕ್ಷೆಗೆ ಸೇರದ ಹ್ಯಾಂಪ್‌ಸ್ಟೆಡ್‌ನಲ್ಲಿ ಸತ್ತಳು. ಹಿಂದೆ ಬ್ರಾಡ್ ಸ್ಟ್ರೀಟಿನಲ್ಲಿದ್ದ ಆಕೆಗೆ ಆ ಪಂಪಿನ ನೀರೇ ಇಷ್ಟವಾಗಿದ್ದರಿಂದ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದಳು. ನನ್ನ ದೃಷ್ಟಿಯಲ್ಲಿ ಇಡೀ ಪುಸ್ತಕದ ಅತಿ ಗಟ್ಟಿ ಸಾಕ್ಷಿಗಳಲ್ಲಿ ಇದೊಂದು. ಯಾವ ಗೆರೆಯೂ ಅದನ್ನು ಹೇಳಲಾರದು. ಅದಕ್ಕೆ ಕಥೆಯೇ ಬೇಕು.

ಮೂರನೆಯ ಕೆಲಸ ಅಂಕಿಗಳದು. ದಕ್ಷಿಣ ಲಂಡನ್ನಿನಲ್ಲಿ ಎರಡು ಕಂಪನಿಗಳ ಕೊಳವೆಗಳು ಒಂದೇ ಬೀದಿಗಳಲ್ಲಿ ಹರಿದಿದ್ದವು. ಒಂದು ಕಂಪನಿ ಥೇಮ್ಸ್ ನದಿಯ ಕೊಳಕು ಭಾಗದಿಂದ ನೀರೆತ್ತಿದರೆ, ಮತ್ತೊಂದು ಊರಿನ ಕೊಳಕು ಸೇರುವ ಮೊದಲೇ, ನದಿಯ ಮೇಲ್ಭಾಗದಿಂದ ಎತ್ತುತ್ತಿತ್ತು. ಪ್ರತಿ 10,000 ಮನೆಗಳಿಗೆ ಸಾವು ಮೊದಲನೆಯದರಲ್ಲಿ 315, ಎರಡನೆಯದರಲ್ಲಿ 37. ಅಕ್ಕಪಕ್ಕದ ಮನೆಗಳ ನೀರೇ ಬೇರೆಬೇರೆಯಾದ ಮೇಲೆ ನಕ್ಷೆ ಹೆಚ್ಚು ನೆರವಾಗದು. ಪುಟ್ಟ ಕೋಷ್ಟಕ ಸಾಕು.

ನೀವು ಬರೆಯಲು ಕೂತಾಗ ಮೊದಲು ಯೋಚಿಸಬೇಕಾದದ್ದು ಇದು: ನಾನು ಈಗ ಹೇಳುತ್ತಿರುವುದು ಎಲ್ಲಿ ಎಂಬುದನ್ನೋ, ಎಷ್ಟು ಎಂಬುದನ್ನೋ, ಏಕೆ ಎಂಬುದನ್ನೋ? ಉತ್ತರ ಸಿಕ್ಕರೆ ಸಾಧನವೂ ಸಿಗುತ್ತದೆ. ಬಳಿಕ ಬರಹದಲ್ಲಿ ಓದುಗರ ಕಣ್ಣನ್ನು ಸರಿಯಾದ ಹೊತ್ತಿಗೆ ಚಿತ್ರದ ಕಡೆ ಕಳಿಸಬೇಕು. ಎಲ್ಲಿ ನೋಡಬೇಕೆಂದು ಹೇಳದೆ ಬಿಟ್ಟ ಚಿತ್ರವನ್ನು ಜನ ದಾಟಿ ಹೋಗುತ್ತಾರೆ.

ವೇದಿಕೆಯ ಮೇಲೆ ದನಿಯೂ ಸೇರುತ್ತದೆ. ಸ್ಲೈಡಿನಲ್ಲಿರುವ ಸಾಲುಗಳನ್ನೇ ಗಟ್ಟಿಯಾಗಿ ಓದಬೇಡಿ. ಕೇಳುವವರು ನಿಮಗಿಂತ ಬೇಗ ಮನಸ್ಸಿನಲ್ಲೇ ಓದಿ ಮುಗಿಸಿರುತ್ತಾರೆ, ನಿಮ್ಮ ಮಾತು ಅವರ ಓದಿಗೆ ಅಡ್ಡ ಬರುತ್ತದೆ. ನಕ್ಷೆ ತೋರಿಸಿ, ಕೆಲವು ಕ್ಷಣ ಸುಮ್ಮನಿರಿ, ಆಮೇಲೆ ಬಿಯರ್ ಕಾರ್ಖಾನೆಯ ಸಂಗತಿ ಹೇಳಿ.

ಸಭೆಯಲ್ಲಿ ಕಣ್ಣು ಕಾಣದವರೂ ಇರಬಹುದು, ಹಿಂದಿನ ಸಾಲಿಗೆ ಪರದೆ ಮಸುಕಾಗಿರಬಹುದು. ಅವರಿಗೆ ‘ಇಲ್ಲಿ ನೋಡಿ’ ಎಂದರೆ ಏನೂ ಸಿಗದು. ‘ಈ ಪಂಪಿನ ಸುತ್ತ ಗೆರೆಗಳು ಒತ್ತಾಗಿವೆ, ಬೇರೆ ಪಂಪುಗಳ ಕಡೆ ಹೋದಂತೆ ಕಡಿಮೆಯಾಗುತ್ತವೆ’ ಎಂದು ಬಾಯಿಬಿಟ್ಟು ಹೇಳಿ.